ಲುಬ್ಧಕನ ಕಾಣದ ಸಂಗಾತಿ: ನಕ್ಷತ್ರಗಳ ಬಾಳು ಮತ್ತು ಮುಪ್ಪು

ಫೆಬ್ರವರಿಯ ಒಂದು ನಿರಭ್ರ ಸಂಜೆ, ಎಂಟು ಗಂಟೆಯ ಸುಮಾರಿಗೆ, ತಿರುವನಂತಪುರದ ಶಂಖುಮುಖಂ ಕಡಲತೀರದಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತವರು ಎಡಕ್ಕೆ ಹೊರಳಿ ತಲೆಯೆತ್ತಿದರೆ ಆಕಾಶದಲ್ಲಿ ಉಳಿದೆಲ್ಲ ನಕ್ಷತ್ರಗಳನ್ನೂ ಮಂಕಾಗಿಸುವ ಒಂದು ನೀಲಿ ಬಿಳುಪಿನ ತಾರೆ ಕಣ್ಣಿಗೆ ಬೀಳುತ್ತದೆ. ಅದೇ ಲುಬ್ಧಕ. ಅದರ ಕೆಳಗೆ, ದಿಗಂತಕ್ಕೆ ಸಮೀಪದಲ್ಲಿ, ಅಗಸ್ತ್ಯ. ಬೀದರಿನಲ್ಲಿ ದಿಗಂತದಿಂದ ಹತ್ತೊಂಬತ್ತು ಡಿಗ್ರಿಗಳಷ್ಟು ಮಾತ್ರ ಮೇಲೇರುವ ಈ ಅಗಸ್ತ್ಯ ತಿರುವನಂತಪುರದಲ್ಲಿ ಇಪ್ಪತ್ತೊಂಬತ್ತು ಡಿಗ್ರಿಗಳವರೆಗೆ ಏರುತ್ತದೆ. ಉದ್ಯೋಗನಿಮಿತ್ತ ನಾಡು ಬಿಟ್ಟು ದಕ್ಷಿಣಕ್ಕೆ ಬಂದ ಕನ್ನಡಿಗನು ಕಳೆದುಕೊಂಡದ್ದು ಏನೇ ಇರಲಿ, ಆಕಾಶದ ಮಟ್ಟಿಗೆ ಅವನಿಗೆ ಲಾಭವೇ ಆಗಿದೆ.

ಲುಬ್ಧಕನನ್ನು ನೋಡುವವರು ಒಂದೇ ನಕ್ಷತ್ರವನ್ನು ಕಾಣುತ್ತಾರೆ, ಅಲ್ಲಿರುವುದು ಎರಡು. ಎರಡನೆಯದು ಬರಿಗಣ್ಣಿಗೆ ಗೋಚರಿಸದು. ಅದೊಂದು ಸತ್ತ ನಕ್ಷತ್ರ. ಖಗೋಳಶಾಸ್ತ್ರದಲ್ಲಿ ಅಂಥವುಗಳಿಗೆ ಶ್ವೇತಕುಬ್ಜಗಳೆಂದು ಹೆಸರು. ಸತ್ತ ನಕ್ಷತ್ರದ ಕಥೆಗೂ ಈ ಸಂಚಿಕೆಯ ಆರೋಗ್ಯ ಲೇಖನಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ, ಅದು ನೆತ್ತರಿನ ಸಂಬಂಧ. ಆದರೆ ಅಲ್ಲಿಗೆ ಮುಟ್ಟುವುದಕ್ಕೆ ಕೊಂಚ ಸುತ್ತುಬಳಸಿನ ದಾರಿಯಲ್ಲಿ ಹೋಗಬೇಕಾಗುತ್ತದೆ.

ಆಕಾಶವನ್ನು ಶ್ರದ್ಧೆಯಿಂದ ಅಳೆಯುವ ಪದ್ಧತಿ ಕೇರಳಕ್ಕೆ ಹೊಸತಲ್ಲ. ಕೊಚ್ಚಿಯ ಉತ್ತರಕ್ಕಿರುವ ಕೊಡುಂಗಲ್ಲೂರು ಹಿಂದೆ ಮಹೋದಯಪುರವೆನಿಸಿ ಚೇರರ ರಾಜಧಾನಿಯಾಗಿದ್ದಾಗ ಅಲ್ಲಿ ಗ್ರಹನಕ್ಷತ್ರಗಳನ್ನು ವೀಕ್ಷಿಸುವ ವ್ಯವಸ್ಥೆಯಿತ್ತೆಂಬುದು ಒಂಬತ್ತನೆಯ ಶತಮಾನದ ಶಂಕರನಾರಾಯಣನ ವ್ಯಾಖ್ಯಾನಗ್ರಂಥದಿಂದ ತಿಳಿದುಬರುತ್ತದೆ. ಹದಿನೈದನೆಯ ಶತಮಾನದ ವಟಶ್ಶೇರಿ ಪರಮೇಶ್ವರನು ಐವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಗ್ರಹಣಗಳನ್ನು ಕಣ್ಣಾರೆ ಕಂಡು, ಲೆಕ್ಕಕ್ಕೂ ದೃಶ್ಯಕ್ಕೂ ಬಿದ್ದ ಅಂತರವನ್ನು ತಿದ್ದಿ, 1431ರಲ್ಲಿ ದೃಗ್ಗಣಿತವನ್ನು ರಚಿಸಿದನು. ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜನನ್ನು ಸಂಗೀತದ ಮೂಲಕವಷ್ಟೇ ಬಲ್ಲವರು ಬಹಳ. ಅದೇ ಅರಸನು 1837ರಲ್ಲಿ ತಿರುವನಂತಪುರದ ಗುಡ್ಡವೊಂದರ ಮೇಲೆ ವೀಕ್ಷಣಾಲಯವನ್ನು ಸ್ಥಾಪಿಸಿದನು. ಅದರ ಮೊದಲ ನಿರ್ದೇಶಕ ಜಾನ್ ಕಾಲ್ಡೆಕಾಟ್ ಅದಕ್ಕೆ ಮುಂಚೆ ಆಲಪ್ಪುಳದಲ್ಲಿ ಸಂಸ್ಥಾನದ ವಾಣಿಜ್ಯ ಪ್ರತಿನಿಧಿಯಾಗಿದ್ದವನು. ಮೆಣಸು ಏಲಕ್ಕಿಗಳ ಲೆಕ್ಕ ಬರೆಯುವ ಕೈ ನಕ್ಷತ್ರಗಳ ಲೆಕ್ಕವನ್ನೂ ಬರೆಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆ ವೀಕ್ಷಣಾಲಯ ತಲೆಯೆತ್ತಿದ ಏಳು ವರ್ಷಗಳ ತರುವಾಯ, 1844ರಲ್ಲಿ, ಜರ್ಮನ್ ಖಗೋಳವಿದ ಬೆಸೆಲ್ ಲುಬ್ಧಕನ ನಡೆಯಲ್ಲಿ ಒಂದು ದೋಷವಿದೆಯೆಂದು ಸಾರಿದನು. ಆಕಾಶದಲ್ಲಿ ನೇರವಾಗಿ ಸರಿಯಬೇಕಾದ ನಕ್ಷತ್ರ ಸ್ವಲ್ಪ ಸ್ವಲ್ಪವೇ ಆ ಕಡೆಗೂ ಈ ಕಡೆಗೂ ವಾಲುತ್ತಿತ್ತು. ಜಾತ್ರೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವ ತಾಯಿಯನ್ನು ದೂರದಿಂದ ನೋಡಿದರೆ, ಜನಜಂಗುಳಿಯಲ್ಲಿ ಮಗು ಕಾಣದಿದ್ದರೂ, ಅವಳ ಹೆಜ್ಜೆಯ ಓಲಾಟದಿಂದಲೇ ಜೊತೆಯಲ್ಲಿ ಯಾರೋ ಇದ್ದಾರೆಂದು ಊಹಿಸಬಹುದಷ್ಟೆ. ಬೆಸೆಲ್ ಮಾಡಿದ್ದು ಅಂಥದೇ ಊಹೆ. 1862ರ ಜನವರಿ 31ರಂದು ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಎಂಬಾತ ಹೊಸದಾಗಿ ತಯಾರಾದ ದೊಡ್ಡ ಮಸೂರವೊಂದನ್ನು ಪರೀಕ್ಷಿಸುವ ಸಲುವಾಗಿ ಅದನ್ನು ಲುಬ್ಧಕನತ್ತ ತಿರುಗಿಸಿದಾಗ, ಪ್ರಖರ ತಾರೆಯ ಪಕ್ಕದಲ್ಲಿ ಕ್ಷೀಣವಾದೊಂದು ಚುಕ್ಕೆ ಕಂಡಿತು. ಲುಬ್ಧಕನಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಮಂದವಾದ ಆ ಚುಕ್ಕೆಯೇ ಐವತ್ತು ವರ್ಷಗಳಿಗೊಮ್ಮೆ ಅದರೊಡನೆ ಸುತ್ತು ಹಾಕುವ ಸಂಗಾತಿ.

ಮಂದವಾಗಿದ್ದರೆ ತಣ್ಣಗಿರಬೇಕು, ಕೆಂಪಗಿರಬೇಕು ಎಂಬುದು ಅಂದಿನ ನಂಬಿಕೆ. 1915ರಲ್ಲಿ ವಾಲ್ಟರ್ ಆಡಮ್ಸ್ ಅದರ ಬೆಳಕಿನ ರೋಹಿತವನ್ನು ಪಡೆದು ನೋಡಿದಾಗ ನಂಬಿಕೆ ತಲೆಕೆಳಗಾಯಿತು. ಚುಕ್ಕೆ ಬೆಳ್ಳಗೆ ಉರಿಯುತ್ತಿತ್ತು. ಇಂದಿನ ಅಳತೆಯಂತೆ ಅದರ ಮೇಲ್ಮೈಯ ಉಷ್ಣತೆ ಇಪ್ಪತ್ತೈದು ಸಾವಿರ ಡಿಗ್ರಿ. ಸೂರ್ಯನ ಮೇಲ್ಮೈಯ ಉಷ್ಣತೆ ಐದೂವರೆ ಸಾವಿರ ಮಾತ್ರ. ಅಷ್ಟು ಬಿಸಿಯಾಗಿದ್ದೂ ಅಷ್ಟು ಮಂದವಾಗಿರಬೇಕಾದರೆ ಅದು ಗಾತ್ರದಲ್ಲಿ ಅತಿ ಚಿಕ್ಕದಾಗಿರಬೇಕು. ಅಳೆದಾಗ ಅದು ಭೂಮಿಗಿಂತಲೂ ತುಸು ಸಣ್ಣದೆಂದು ತಿಳಿಯಿತು. ತೂಕದಲ್ಲಿ ಮಾತ್ರ ಅದು ಸೂರ್ಯನಷ್ಟೇ. ಸೂರ್ಯನ ದ್ರವ್ಯವನ್ನೆಲ್ಲ ಭೂಮಿಯೊಳಗೆ ತುರುಕಿದರೆ ಏನಾದೀತೋ ಅದೇ ಅಲ್ಲಿ ಆಗಿದೆ. ಅಲ್ಲಿನ ದ್ರವ್ಯವನ್ನು ಒಂದು ಟೀ ಚಮಚದಲ್ಲಿ ತುಂಬಿ ಭೂಮಿಗೆ ತರಲು ಸಾಧ್ಯವಾದರೆ ಅದು ಹತ್ತು ಟನ್ನಿಗೂ ಮೇಲೆ ತೂಗೀತು. ಅದನ್ನು ಹೊರಲು ಒಂದು ಲಾರಿ ಬೇಕಾದೀತು.

ನಕ್ಷತ್ರವೊಂದು ಈ ಸ್ಥಿತಿಗೆ ಹೇಗೆ ಬರುತ್ತದೆ? ಮಹಾವ್ಯಾಧ ಪುಂಜದ ಮೂರು ನಕ್ಷತ್ರಗಳ ಪಟ್ಟಿಯ ಕೆಳಗೆ, ಕತ್ತಿಯ ಸ್ಥಾನದಲ್ಲಿ, ಒಂದು ಮಸುಕು ಬೆಳಕು ಕಾಣುವುದಿದೆ. ಅದು ಮೋಡದಂಥ ಅನಿಲರಾಶಿ, ಅರ್ಥಾತ್ ನೀಹಾರಿಕೆ. ಇಂಥ ಅನಿಲಮೇಘಗಳ ತುಣುಕುಗಳು ತಮ್ಮದೇ ಗುರುತ್ವದಿಂದ ಕುಸಿದು, ಕುಸಿಯುತ್ತ ಕಾದು, ನಡುವಿನ ಉಷ್ಣತೆ ಸುಮಾರು ಒಂದು ಕೋಟಿ ಡಿಗ್ರಿಯಾದಾಗ ಜಲಜನಕದ ಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಅದು ನಕ್ಷತ್ರದ ಜನನ. ಅಲ್ಲಿಂದ ಮುಂದೆ ಅದರ ಬಾಳೆಲ್ಲ ಎರಡು ಶಕ್ತಿಗಳ ಜಗ್ಗಾಟ: ಒಳಕ್ಕೆ ಎಳೆಯುವ ಗುರುತ್ವ, ಹೊರಕ್ಕೆ ತಳ್ಳುವ ಬಿಸಿಯ ಒತ್ತಡ. ಸೂರ್ಯನು ಸೆಕೆಂಡಿಗೆ ಸುಮಾರು ಅರುವತ್ತು ಕೋಟಿ ಟನ್ ಜಲಜನಕವನ್ನು ಹೀಲಿಯಮ್ಮಾಗಿ ಪರಿವರ್ತಿಸಿ, ಅದರಲ್ಲಿ ನಲವತ್ತು ಲಕ್ಷ ಟನ್ನಿಗೂ ಮೇಲ್ಪಟ್ಟ ದ್ರವ್ಯವನ್ನು ಬೆಳಕಾಗಿ ವ್ಯಯಿಸುತ್ತಾನೆ. ಈ ಖರ್ಚು 460 ಕೋಟಿ ವರ್ಷಗಳಿಂದ ನಡೆದಿದೆ. ಠೇವಣಿ ಇನ್ನೂ 500 ಕೋಟಿ ವರ್ಷಗಳಿಗೆ ಸಾಕು.

ನಕ್ಷತ್ರಗಳ ಲೋಕದಲ್ಲಿ ಹೆಚ್ಚು ಬಂಡವಾಳವುಳ್ಳವರೇ ಬೇಗ ದಿವಾಳಿಯಾಗುತ್ತಾರೆ. ಸೂರ್ಯನ ಹತ್ತು ಪಟ್ಟು ದ್ರವ್ಯವಿರುವ ನಕ್ಷತ್ರದ ಖರ್ಚು ಹತ್ತು ಪಟ್ಟಲ್ಲ, ಸಾವಿರಾರು ಪಟ್ಟು. ಅದರ ಆಯುಸ್ಸು ಎರಡು ಮೂರು ಕೋಟಿ ವರ್ಷಗಳಿಗೇ ಮುಗಿಯುತ್ತದೆ. ಮಿತವಾಗಿ ಉರಿಯುವ ಚಿಕ್ಕ ಕೆಂಪು ತಾರೆಗಳೋ, ವಿಶ್ವ ಹುಟ್ಟಿದ 1380 ಕೋಟಿ ವರ್ಷಗಳಲ್ಲಿ ಅವುಗಳಲ್ಲೊಂದೂ ಇನ್ನೂ ವೃದ್ಧಾಪ್ಯಕ್ಕೆ ಕಾಲಿಟ್ಟಿಲ್ಲ. ಲುಬ್ಧಕನ ಸಂಗಾತಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜೋಡಿಯಾಗಿ ಹುಟ್ಟಿದ ಅವೆರಡರಲ್ಲಿ ಹೆಚ್ಚು ಭಾರದ್ದು ಇಂದಿನ ಕುಬ್ಜವೇ. ಸೂರ್ಯನ ಐದು ಪಟ್ಟು ಇದ್ದ ಅದು ಬೇಗ ಉರಿದು, ಮೈಯ ಬಹುಭಾಗವನ್ನು ಕಳೆದುಕೊಂಡು ಮೂಲೆ ಸೇರಿತು.

ಜಲಜನಕ ಮುಗಿದ ಮೇಲೆ ನಕ್ಷತ್ರದ ಒಡಲು ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಹಿಗ್ಗಿದ ಮೈ ತಣಿದು ಕೆಂಪಾಗುತ್ತದೆ. ಇದೇ ಕೆಂಪು ದೈತ್ಯದ ಅವಸ್ಥೆ. ಅದನ್ನು ಕಾಣಲು ದೂರದರ್ಶಕ ಬೇಕಿಲ್ಲ. ರೋಹಿಣಿ ಅಂಥದೊಂದು. ಕೇರಳದ ಹೆಂಗಳೆಯರು ಧನುರ್ಮಾಸದಲ್ಲಿ ದೀಪದ ಸುತ್ತ ಕೈಕೊಟ್ಟಿ ಆಡುವ ತಿರುವಾತಿರ, ಅಂದರೆ ಕನ್ನಡದ ರೈತನು ಮಳೆಗಾಗಿ ಎದುರುನೋಡುವ ಆರ್ದ್ರಾ, ಇದಕ್ಕೂ ದೊಡ್ಡದಾದ ಮಹಾದೈತ್ಯ. ಜೂನ್ ತಿಂಗಳಿನಲ್ಲಿ ಸೂರ್ಯನು ಆರ್ದ್ರೆಯನ್ನು ಹೊಗುವಾಗ ಮಲಯಾಳದ ರೈತನು ತಿರುವಾತಿರ ಞಾಟ್ಟುವೇಲೆಯೆಂದು ಮೆಣಸಿನ ಬಳ್ಳಿ ನೆಡುತ್ತಾನೆ. ಘಟ್ಟದ ಮೇಲಿನವನು ಆರಿದ್ರಾ ಮಳೆಯೆಂದು ಬಿತ್ತನೆಗೆ ಹೊರಡುತ್ತಾನೆ. ಎರಡು ನಾಡುಗಳ ಬೆಳೆಯನ್ನು ಕಾಯುವ ಈ ನಕ್ಷತ್ರದ ಬಾಳು ಮುಗಿಯುತ್ತ ಬಂದಿದೆ. 2019ರ ಕೊನೆಯಲ್ಲಿ ಅದು ಹಠಾತ್ತನೆ ಮಂಕಾದಾಗ ಸಿಡಿಯುವ ಕಾಲ ಬಂತೆಂದು ಜಗತ್ತೇ ಕಾದು ಕುಳಿತಿತ್ತು. ಅದು ತಾನೇ ಉಗುಳಿದ ಧೂಳಿನ ಮರೆಯಲ್ಲಿ ಅಡಗಿತ್ತೆಂದು ಬಳಿಕ ತಿಳಿಯಿತು. ಸಿಡಿಯುವುದಂತೂ ನಿಶ್ಚಯ, ನಾಳೆಯೋ ಲಕ್ಷ ವರ್ಷದ ಮೇಲೋ ಎಂಬುದು ಮಾತ್ರ ಅನಿಶ್ಚಿತ.

ಸೂರ್ಯನಿಗೆ ಅಂಥ ಅಬ್ಬರದ ಮರಣವಿಲ್ಲ. ಅವನು ಉಬ್ಬಿ, ಬುಧ ಶುಕ್ರರನ್ನು ನುಂಗಿ, ಕೊನೆಗೆ ಹೊರಮೈಯನ್ನು ಸುತ್ತಲ ಬಾಹ್ಯಾಕಾಶಕ್ಕೆ ಊದಿಬಿಟ್ಟು, ತನ್ನ ಅರ್ಧದಷ್ಟು ದ್ರವ್ಯದ ಬಿಸಿ ಒಡಲಾಗಿ ಉಳಿಯುತ್ತಾನೆ. ಇಂಗಾಲ ಮತ್ತು ಆಮ್ಲಜನಕಗಳ ಆ ಉಂಡೆಯೇ ಶ್ವೇತಕುಬ್ಜ. ನಕ್ಷತ್ರಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚಿನವುಗಳ ಗತಿ ಇದೇ. ಹೊಸ ಆದಾಯವಿಲ್ಲದೆ ಹಳೆಯ ಕೂಡಿಟ್ಟ ಶಾಖದಲ್ಲೇ ಅದು ಕೋಟ್ಯಂತರ ವರ್ಷ ಬದುಕುತ್ತದೆ, ನಿವೃತ್ತರ ಬಾಳಿನಂತೆ. ಆರುತ್ತ ಆರುತ್ತ ಅದರ ಒಡಲು ಹರಳುಗಟ್ಟುತ್ತದೆಂಬುದಕ್ಕೆ 2019ರಲ್ಲಿ ಗಾಯಾ ಉಪಗ್ರಹದ ಮಾಪನಗಳಿಂದ ಆಧಾರ ದೊರಕಿತು.

ಉರಿಯಿಲ್ಲದ ಮೇಲೆ ಗುರುತ್ವವನ್ನು ತಡೆಯುವವರು ಯಾರು? ಕುಬ್ಜವು ಇನ್ನೂ ಏಕೆ ಕುಸಿಯುವುದಿಲ್ಲ? 1926ರಲ್ಲಿ ಕೇಂಬ್ರಿಜ್ಜಿನ ಆರ್. ಎಚ್. ಫೌಲರ್ ಇದಕ್ಕೆ ಉತ್ತರ ಕೊಟ್ಟರು. ಎಲೆಕ್ಟ್ರಾನುಗಳ ಸ್ವಭಾವ ಬ್ಯಾಂಕಿನ ಲಾಕರುಗಳಂತೆ: ಒಂದು ಲಾಕರಿಗೆ ಒಬ್ಬನೇ ಗ್ರಾಹಕ. ಕೆಳಗಿನ ಸಾಲು ಭರ್ತಿಯಾದರೆ ಮುಂದಿನವನು ಮೇಲಿನ ಸಾಲಿಗೆ ಹೋಗಲೇಬೇಕು. ಎಲೆಕ್ಟ್ರಾನಿಗೆ ಮೇಲಿನ ಸಾಲೆಂದರೆ ಹೆಚ್ಚಿನ ವೇಗ. ದ್ರವ್ಯವನ್ನು ಅಮುಕಿದಷ್ಟೂ ಎಲೆಕ್ಟ್ರಾನುಗಳು ಸ್ಥಳವಿಲ್ಲದೆ ಹೆಚ್ಚು ಹೆಚ್ಚು ವೇಗಕ್ಕೆ ಏರುತ್ತವೆ, ಆ ವೇಗದಿಂದಲೇ ಎದುರೊತ್ತು ಹುಟ್ಟುತ್ತದೆ. ಇದಕ್ಕೆ ಬಿಸಿ ಬೇಕಿಲ್ಲ. ತಣ್ಣಗಾದರೂ ಕುಬ್ಜ ನಿಂತೇ ಇರುತ್ತದೆ. ಫೌಲರ್ ಅವರ ಲೆಕ್ಕದಂತೆ ಎಷ್ಟೇ ಭಾರದ ನಕ್ಷತ್ರವಾದರೂ ಕೊನೆಗೆ ಶಾಂತವಾಗಿ ಶ್ವೇತಕುಬ್ಜವಾಗಿ ಮಲಗಬಹುದಿತ್ತು.

1930ರ ಜುಲೈ 31ರಂದು ಮುಂಬಯಿಯಿಂದ ಹೊರಟ ಇಟಾಲಿಯನ್ ಹಡಗಿನಲ್ಲಿ ಹತ್ತೊಂಬತ್ತು ವರ್ಷದ ಯುವಕನೊಬ್ಬನಿದ್ದನು. ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್, ಸಿ. ವಿ. ರಾಮನ್ನರ ಅಣ್ಣನ ಮಗ. ತಂದೆ ರೈಲ್ವೆಯ ಲೆಕ್ಕಪತ್ರ ಇಲಾಖೆಯ ಅಧಿಕಾರಿ, ವರ್ಗಾವಣೆಯ ನೌಕರಿ. ಆದಕಾರಣ ತಮಿಳು ಮನೆತನದ ಈ ಮಗ ಹುಟ್ಟಿದ್ದು ಲಾಹೋರಿನಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿ, ಸರಕಾರದ ವಿದ್ಯಾರ್ಥಿವೇತನದ ಮೇಲೆ, ಕೇಂಬ್ರಿಜ್ಜಿನ ಅದೇ ಫೌಲರ್ ಅವರ ಬಳಿಗೆ ಅವನು ಹೊರಟಿದ್ದನು. ಮನೆಯಲ್ಲಿ ತಾಯಿ ಸೀತಾಲಕ್ಷ್ಮಿ ಕಾಯಿಲೆಯಲ್ಲಿದ್ದರು. ಮಗ ಹೋಗಲೇಬೇಕೆಂದು ಒತ್ತಾಯಿಸಿದವರು ಆಕೆಯೇ.

ಮಳೆಗಾಲದ ಅರಬ್ಬೀ ಸಮುದ್ರದ ಹೊಯ್ದಾಟ ಕಡಿಮೆಯಾದ ಮೇಲೆ ಹಡಗಿನ ಅಟ್ಟದಲ್ಲಿ ಕುಳಿತು ಆ ಹುಡುಗ ಫೌಲರರ ಲೆಕ್ಕವನ್ನು ಮತ್ತೆ ಹಾಕಿ ನೋಡಿದನು. ಒಂದು ಅಂಶ ಅವರ ಗಮನಕ್ಕೆ ಬಾರದೆ ಉಳಿದಿತ್ತು. ಭಾರವಾದ ಕುಬ್ಜದೊಳಗೆ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸುತ್ತದೆ. ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದೆಂದು ಐನ್‌ಸ್ಟೈನರು ತೋರಿಸಿದ್ದಾರೆ. ಆದ್ದರಿಂದ ಇನ್ನೂ ಅಮುಕಿದರೆ ವೇಗ ಆ ಪ್ರಮಾಣದಲ್ಲಿ ಏರುವುದಿಲ್ಲ, ಎದುರೊತ್ತು ಸಾಲದೆ ಬರುತ್ತದೆ. ಅಂದರೆ ಶ್ವೇತಕುಬ್ಜದ ದ್ರವ್ಯರಾಶಿಗೆ ಒಂದು ಮೇರೆಯಿದೆ. ಅದನ್ನು ಮೀರಿದ ಕುಬ್ಜ ನಿಲ್ಲಲಾರದು. ಇಂದಿನ ಲೆಕ್ಕದಂತೆ ಆ ಮೇರೆ ಸೂರ್ಯನ 1.44 ಪಟ್ಟು. ಚಂದ್ರಶೇಖರ್ ಮಿತಿಯೆಂದು ಜಗತ್ತು ಇಂದು ಕರೆಯುವುದು ಇದನ್ನೇ. ಸಂಶೋಧನೆ 1931ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಊರಿನಲ್ಲಿ ತಾಯಿ ತೀರಿಕೊಂಡರು. ಮಗ ಆಗ ಇಂಗ್ಲೆಂಡಿನಲ್ಲಿದ್ದನು. ದೂರದ ಊರಿನಲ್ಲಿ ನೌಕರಿ ಮಾಡುವವರಿಗೆ ಈ ಸಾಲುಗಳಿಗೆ ವಿವರಣೆ ಬೇಕಾಗದು.

ಮೇರೆ ಮೀರಿದ ನಕ್ಷತ್ರ ಏನಾಗುತ್ತದೆ? ಈ ಪ್ರಶ್ನೆಯೇ ಹಿರಿಯರನ್ನು ಕೆರಳಿಸಿತು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯ ಸಭೆಯಲ್ಲಿ ಚಂದ್ರಶೇಖರರು ತಮ್ಮ ಪೂರ್ಣಗೊಂಡ ಸಿದ್ಧಾಂತವನ್ನು ಮಂಡಿಸಿದರು. ಅವರಿಗೆ ಆಗ ಇಪ್ಪತ್ತನಾಲ್ಕು ವರ್ಷ. ಅವರ ಬೆನ್ನಿಗೇ ಎದ್ದುನಿಂತ ಸರ್ ಆರ್ಥರ್ ಎಡಿಂಗ್ಟನ್, ಆ ಕಾಲದ ಖಗೋಳವಿಜ್ಞಾನದ ಅಗ್ರಗಣ್ಯರು, ನಕ್ಷತ್ರವೊಂದು ಅಂಥ ಅಸಂಬದ್ಧ ರೀತಿಯಲ್ಲಿ ವರ್ತಿಸದಂತೆ ತಡೆಯುವ ನಿಸರ್ಗನಿಯಮವಿರಲೇಬೇಕೆಂದು ಸಾರಿ ಸಭೆಯನ್ನು ನಗಿಸಿದರು. ಎಡಿಂಗ್ಟನ್ ಹಲವಾರು ತಿಂಗಳುಗಳಿಂದ ಚಂದ್ರಶೇಖರರ ಕೆಲಸವನ್ನು ಹತ್ತಿರದಿಂದ ನೋಡುತ್ತಿದ್ದವರು. ಎದುರಿಗೆ ಆಡದ ಮಾತನ್ನು ಸಭೆಯಲ್ಲಿ ಆಡಿದರು. ಇದು ದೊಡ್ಡವರ ದೊಡ್ಡತನವಲ್ಲವೆಂದು ಹೇಳಲೇಬೇಕು. ಖಾಸಗಿಯಾಗಿ ಚಂದ್ರಶೇಖರರನ್ನು ಒಪ್ಪಿದ ಭೌತವಿಜ್ಞಾನಿಗಳೂ ಬಹಿರಂಗವಾಗಿ ಬಾಯಿ ಬಿಡಲಿಲ್ಲ.

ಚಂದ್ರಶೇಖರರು ಜಗಳ ಮುಂದುವರಿಸಲಿಲ್ಲ. 1937ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದರು. 1939ರಲ್ಲಿ ನಕ್ಷತ್ರಗಳ ರಚನೆಯ ಬಗ್ಗೆ ಗ್ರಂಥವನ್ನು ಬರೆದು, ಆ ವಿಷಯದ ಪುಟ ಮುಚ್ಚಿ, ಬೇರೆ ವಿಷಯಗಳಿಗೆ ಹೊರಳಿದರು. ಎಡಿಂಗ್ಟನ್ ಬಗ್ಗೆ ಕಹಿಯನ್ನಿಟ್ಟುಕೊಳ್ಳಲಿಲ್ಲವೆಂಬುದಕ್ಕೆ, ಆ ಹಿರಿಯರ ಜನ್ಮಶತಾಬ್ದಿಯ ನಿಮಿತ್ತ 1982ರಲ್ಲಿ ಕೇಂಬ್ರಿಜ್ಜಿನಲ್ಲಿ ಅವರು ಮಾಡಿದ ಉಪನ್ಯಾಸಗಳೇ ಸಾಕ್ಷಿ. 1983ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕ ಬಂದಿತು. ಆದರೆ ವಿಜ್ಞಾನಕ್ಕೆ ಆದ ನಷ್ಟ ಯಾವ ಪಾರಿತೋಷಕದಿಂದಲೂ ತುಂಬುವಂಥದಲ್ಲ. ಮೇರೆ ಮೀರಿದ ಒಡಲು ಕುಸಿದು ನ್ಯೂಟ್ರಾನ್ ತಾರೆಯಾಗುತ್ತದೆ, ಅದಕ್ಕೂ ಭಾರವಾದರೆ ಕೃಷ್ಣವಿವರವಾಗುತ್ತದೆ ಎಂಬ ಇಂದಿನ ತಿಳುವಳಿಕೆಯ ಬಾಗಿಲನ್ನು ಅಂದೇ ತೆರೆಯಬಹುದಾಗಿತ್ತು. ಅದು ದಶಕಗಳ ಕಾಲ ಅರೆಮುಚ್ಚಿಯೇ ಉಳಿಯಿತು.

ಬಾಗಿಲು ತೆರೆಯುವ ಕೆಲಸದಲ್ಲಿ ತಿರುವನಂತಪುರಕ್ಕೂ ಪಾಲಿದೆ. ನ್ಯೂಟ್ರಾನ್ ತಾರೆಗಳೂ ಕೃಷ್ಣವಿವರಗಳೂ ನೆರೆಯ ನಕ್ಷತ್ರದ ದ್ರವ್ಯವನ್ನು ಎಳೆದುಕೊಳ್ಳುವಾಗ ಕ್ಷಕಿರಣಗಳನ್ನು ಸೂಸುತ್ತವೆ. ಆ ಕಿರಣಗಳನ್ನು ವಾಯುಮಂಡಲ ತಡೆದುಬಿಡುವುದರಿಂದ ಉಪಕರಣವನ್ನು ಮೇಲಕ್ಕೆ ಕಳಿಸಬೇಕು. ನಗರದ ಹೊರವಲಯದ ತುಂಬ ಎಂಬ ಮೀನುಗಾರರ ಹಳ್ಳಿಯಿಂದ 1963ರ ನವೆಂಬರ್ 21ರಂದು ಭಾರತದ ನೆಲದ ಮೊದಲ ರಾಕೆಟ್ ಹಾರಿತು. ಕನ್ನಡದ ತುಂಬೆ ಹೂವಿಗೆ ಮಲಯಾಳದ ಹೆಸರು ತುಂಬ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರಿಗೆ ಈ ಹೆಸರು ಪರಕೀಯವೆನಿಸಿರಲಾರದು. ಅಹಮದಾಬಾದಿನ ಭೌತಿಕ ಸಂಶೋಧನಾಲಯದಲ್ಲಿದ್ದ ರಾಯರ ತಂಡ 1960ರ ದಶಕದ ಕೊನೆಯ ಭಾಗದಲ್ಲಿ ಇಲ್ಲಿಂದ ರಾಕೆಟ್ಟುಗಳನ್ನು ಹಾರಿಸಿ ವೃಶ್ಚಿಕ ರಾಶಿಯ ಪ್ರಬಲ ಕ್ಷಕಿರಣ ಮೂಲವನ್ನು ಅಳೆಯಿತು. ಅದೊಂದು ನ್ಯೂಟ್ರಾನ್ ತಾರೆಯ ಜೋಡಿ. ಅದೇ ಸಂಶೋಧನಾಲಯದಲ್ಲಿ ಇದೇ ಶಾಸ್ತ್ರವನ್ನು ಅಭ್ಯಸಿಸಿದ ಕೆ. ಕಸ್ತೂರಿರಂಗನ್ ಹುಟ್ಟಿದ್ದು ಎರ್ನಾಕುಲಂನಲ್ಲಿ. ಇಬ್ಬರೂ ಒಬ್ಬರ ಹಿಂದೊಬ್ಬರಂತೆ ಬೆಂಗಳೂರಿನಲ್ಲಿ ಕುಳಿತು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷಗಿರಿಯನ್ನು ನಿರ್ವಹಿಸಿದರು. 2015ರಲ್ಲಿ ಕಕ್ಷೆಗೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 2019ರಲ್ಲಿ ಅದರ ಮೂಲಕ, ಕರ್ಕಾಟಕ ರಾಶಿಯ ಹಳೆಯ ನಕ್ಷತ್ರಗುಚ್ಛವೊಂದರಲ್ಲಿ, ವಯಸ್ಸಿಗೆ ಮೀರಿ ಎಳೆಯದಾಗಿ ಕಾಣುತ್ತಿದ್ದ ತಾರೆಯ ಮಗ್ಗುಲಲ್ಲಿ ಅಡಗಿದ್ದ ಶ್ವೇತಕುಬ್ಜ ಪತ್ತೆಯಾಯಿತು. ಸಂಗಾತಿಯ ದ್ರವ್ಯವನ್ನು ಹೀರಿ ಆ ತಾರೆ ಯೌವನ ಪಡೆದಿತ್ತು. ಯಯಾತಿಯ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಇನ್ನು ನೆತ್ತರಿನ ಮಾತು. ಕೆಲವೊಮ್ಮೆ ಕುಬ್ಜವೇ ಸಂಗಾತಿಯಿಂದ ದ್ರವ್ಯವನ್ನು ಸೆಳೆದುಕೊಳ್ಳುತ್ತದೆ, ಅಥವಾ ಎರಡು ಕುಬ್ಜಗಳು ಸುತ್ತುತ್ತ ಸುತ್ತುತ್ತ ಒಂದನ್ನೊಂದು ಹೊಕ್ಕುಬಿಡುತ್ತವೆ. ಚಂದ್ರಶೇಖರ್ ಮೇರೆಯ ಸಮೀಪಕ್ಕೆ ಬಂದ ಕುಬ್ಜದಲ್ಲಿ ಇಂಗಾಲ ಒಮ್ಮೆಲೇ ಹೊತ್ತಿಕೊಂಡು, ಕೆಲವೇ ಸೆಕೆಂಡುಗಳಲ್ಲಿ ಇಡೀ ನಕ್ಷತ್ರ ಸಿಡಿದು ಹೋಗುತ್ತದೆ. 1572ರಲ್ಲಿ ಟೈಕೊ ಬ್ರಾಹೆ ಕಂಡ ಹೊಸ ತಾರೆ ಇಂಥದೇ ಸ್ಫೋಟ. ಈ ಸಿಡಿತದಲ್ಲಿ ಸೂರ್ಯನ ಅರ್ಧ ತೂಕದಷ್ಟು ನಿಕ್ಕಲ್ ಹುಟ್ಟಿ, ದಿನಗಳಲ್ಲಿ ಕೋಬಾಲ್ಟಾಗಿ, ತಿಂಗಳುಗಳಲ್ಲಿ ಕಬ್ಬಿಣವಾಗಿ ಮಾರ್ಪಡುತ್ತದೆ. ವಿಶ್ವದ ಕಬ್ಬಿಣದಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಹೀಗೆ ಶ್ವೇತಕುಬ್ಜಗಳ ಸ್ಫೋಟದಿಂದಲೇ ಬಂದುದೆಂಬುದು ಇಂದಿನ ಅಂದಾಜು. ಉಳಿದದ್ದು ಆರ್ದ್ರೆಯಂಥ ಮಹಾತಾರೆಗಳ ಸಾವಿನ ಕೊಡುಗೆ. ಆ ಕಬ್ಬಿಣ ಮೇಘಗಳಲ್ಲಿ ಬೆರೆತು, ಭೂಮಿಯಲ್ಲಿ ಸೇರಿ, ಮಣ್ಣಿನಿಂದ ಸೊಪ್ಪಿಗೂ ಕಾಳಿಗೂ ಬಂದು, ಅಲ್ಲಿಂದ ಮನುಷ್ಯನ ರಕ್ತಕ್ಕೆ ಇಳಿದಿದೆ.

ವಯಸ್ಕನ ದೇಹದಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ ಮಾತ್ರ. ಅದರ ಮೂರರಲ್ಲೆರಡು ಪಾಲು ಹೀಮೋಗ್ಲೋಬಿನ್ನಿನಲ್ಲಿದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಬೆರಳ ತುದಿಯವರೆಗೆ ಒಯ್ಯುವ ಕೂಲಿ ಅದರದು. ಇಷ್ಟು ದೂರದಿಂದ ಇಷ್ಟು ದುಬಾರಿಯಾಗಿ ಬಂದ ಈ ಲೋಹವನ್ನು ಮನೆಮಂದಿ ಅಜಾಗರೂಕತೆಯಿಂದ ಕಳೆದುಕೊಳ್ಳುವುದಿದೆ. ಊಟ ಮುಗಿಯುತ್ತಿದ್ದಂತೆಯೇ ಕಾಫಿ ಕುಡಿಯುವ ಅಭ್ಯಾಸ ಕನ್ನಡಿಗರಲ್ಲಿ ಹೇರಳ. ಆ ಕಾಫಿ ಅನ್ನದೊಡನೆ ಹೋದ ಕಬ್ಬಿಣ ರಕ್ತಕ್ಕೆ ಸೇರುವುದನ್ನು ಗಣನೀಯವಾಗಿ ತಡೆಯುತ್ತದೆ. ಒಂದೆರಡು ಗಂಟೆ ತಡೆದು ಕುಡಿದರೆ ಈ ಕಾಟವಿಲ್ಲ. ಸೊಪ್ಪಿನ ಪಲ್ಯಕ್ಕೋ ಕೋಸಂಬರಿಗೋ ಹಿಂಡುವ ನಿಂಬೆರಸ ಇದಕ್ಕೆ ವಿರುದ್ಧವಾಗಿ ಕಬ್ಬಿಣ ಸೇರಲು ನೆರವಾಗುತ್ತದೆ. ಹೆಣ್ಣುಮಕ್ಕಳಲ್ಲಿ, ವಿಶೇಷವಾಗಿ ಗರ್ಭಿಣಿಯರಲ್ಲಿ, ಬಳಲಿಕೆಯನ್ನು ಕೆಲಸದ ದಣಿವೆಂದು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸುವುದು ಮನೆಯವರ ಹೊಣೆ.

ಲುಬ್ಧಕನ ಸಂಗಾತಿಯನ್ನು ಕಣ್ಣಾರೆ ನೋಡಬೇಕೆಂಬ ಮಕ್ಕಳಿಗೊಂದು ಮಾತು. ಐವತ್ತು ವರ್ಷಗಳ ಆ ಸುತ್ತಿನಲ್ಲಿ ಎರಡೂ ಒಂದರಿಂದೊಂದು ಅತಿ ದೂರದಲ್ಲಿ ಕಾಣಿಸಿದ್ದು 2023ರ ಆಸುಪಾಸಿನಲ್ಲಿ. ಈ ಕೆಲವು ವರ್ಷಗಳವರೆಗೆ ಅಂತರ ಇನ್ನೂ ಸಾಕಷ್ಟಿರುತ್ತದೆ. ಎಂಟು ಹತ್ತು ಅಂಗುಲದ ದೂರದರ್ಶಕ, ಗಾಳಿ ಅಲುಗದ ರಾತ್ರಿ, ಮತ್ತು ಬಹಳ ತಾಳ್ಮೆ ಇದ್ದರೆ ಸಾಧ್ಯ. ಲುಬ್ಧಕ ನಡುನೆತ್ತಿಗೆ ಹತ್ತಿರವಾಗಿ ಏರುವ ದಕ್ಷಿಣ ಕೇರಳ ಅದಕ್ಕೆ ಯುರೋಪಿಗಿಂತ ಎಷ್ಟೋ ಅನುಕೂಲವಾದ ಸ್ಥಳ. 2040ರ ದಶಕದ ನಡುವಿನ ಹೊತ್ತಿಗೆ ಕುಬ್ಜ ಮತ್ತೆ ಲುಬ್ಧಕನ ಪ್ರಭೆಯೊಳಗೆ ಮರೆಯಾಗಿಬಿಡುತ್ತದೆ.